ಬರ್ತ್‌ಡೇ ಹುಲಿ

ಇವತ್ತ ಮಗನ ದೋಸ್ತಂದು ಬರ್ತ್‌ಡೇ ಇತ್ತು, ಥೀಮ್ ಜಂಗಲ್ ಅಂತ ವಾಟ್ಸಾಪ್‌ನಾಗ ಕಾರ್ಡ್ ಬಂದಿತ್ತು, ಇವಂಗ ಹುಲೀನ ಆಗಬೇಕಂತ. ಬಾಡಿಗಿ ಡ್ರೆಸ್ ಕೇಳಿದ್ರ ಒಂದ ಸಂಜಿಗೆ 400 ರೂಪಾಯಿ, ಡಿಪಾಸಿಟ್ ಬ್ಯಾರೆ, ಅದೂ ಯಾರ್ಯಾರ ಬೆವರು ಕುಡದಿದ್ದೋ ಏನೋ. ಬ್ಯಾಡ ಅಂತ ಹುಬ್ಬಳ್ಳಿ ದುರ್ಗದಬೈಲ್ ಪ್ಯಾಟಿಗೆ ಹೋಗಿ 2 ಮೀಟರ್ ಹಳದಿ ಸಾಟಿನ್ ತಂದು ಹೊಲ್ಯಾಕ ಕುಂತೆ. ಪಟ್ಟಿಗೆ ನನ್ನ ಹಳೇ ಕರಿ ಲೆಗ್ಗಿಂಗ್ಸ್. ಬಾಲದಾಗ ಮೊದಲ ಹತ್ತಿ ತುಂಬಿದೆ, ಜೋತು ಬಿದ್ದು ಮುಂಗಲಿ ಬಾಲ ಆತು, ಕಡೀಕ ಹ್ಯಾಂಗರ್ ತಂತಿ ಬಿಚ್ಚಿ ಒಳಗ ತುರುಕಿದ ಮ್ಯಾಲ ನೆಟ್ಟಗ ನಿಂತ್ತು ನೋಡ್ರಿ.

ನಮ್ಮ ಅತ್ತಿ ಗದಗಿನವ್ರು. "ಇದೇನ ಹುಲಿ ಯವ್ವಾ, ಹುಲಿ ಅಂದ್ರ ಮೊಹರಂ ಹುಲಿ" ಅಂತ ನಕ್ರು. ಅವ್ರ ತಮ್ಮ ಸಣ್ಣಾಂವಿದ್ದಾಗ ಜಡ್ಡಿಗೆ ಬಿದ್ದಿದ್ನಂತ, ಹುಲಿ ವೇಷ ಹಾಕಸ್ತೀವಿ ಅಂತ ಮೊಹರಂದಾಗ ಕೂಡಸೋ ಅಲೈದೇವ್ರಿಗೆ (ಪಂಜಾಕ್ಕ) ಹರಕಿ ಹೊತ್ತಿದ್ರಂತ, ಮೈತುಂಬ ಬಣ್ಣ ಬಳದು ಅದು ಒಣಗೂತನಕ ಕೂಸು ಕೈ ಅಗಲಿಸಿ ಅಳ್ಕೋತ ನಿಂತಿತ್ತಂತ, ಹಲಗಿ ಬಡದ ಕೂಡ್ಲೆ ಶುರು ಹಚ್ಚಿದ್ದು ಸಂಜಿತನಕ ಕುಣತಾನ. (ನಮ್ಮದು ಈಬತ್ತಿ ಹಚ್ಚೋ ಮನಿ, ಆದ್ರೂ ಮೊಹರಂಕ್ಕ ಅಲೈದೇವ್ರ ಮುಂದ ಸಕ್ಕರಿ ಇಟ್ಟು ಓದಸೂದು ತಪ್ಪಿಲ್ಲ.)

ಆವಾಗ ವೇಷ ಹರಕಿಗೆ, ಈಗ ಫೋಟೋಕ್ಕ ಅಂತ ಏನೋ ದೊಡ್ಡ ಮಾತು ಬರ್ಯಾಕ ಹೊಂಟಿದ್ದೆ, ಆದ್ರ ನಮ್ಮ ಹುಲಿ ಡ್ರೆಸ್ ಬಿಚ್ಚಾಕ ಒಲ್ಲೆ ಅಂತ ಬಾಲ ಕೈಯಾಗ ಹಿಡ್ಕೊಂಡ ಮಲಗೇತಿ. ತಂತಿ ಎಲ್ಲಿ ಚುಚ್ಚತೈತೋ ಅಂತ ನಾನ ಎಚ್ಚರ ಕುಂತೀನಿ.