200ಕ್ಕೆ ತನಾಕಾನ ಕೊನೆಯ ಮೂರು ಗೆಲುವು

ಜಪಾನಿನ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಮಸಾಹಿರೊ ತನಾಕಾ 200ನೇ ಗೆಲುವು ಮುಟ್ಟಿದ್ದು 2025ರ ಸೆಪ್ಟೆಂಬರ್ 30ರಂದು. ಈ ಆಟದಲ್ಲಿ ತಂಡ ಗೆದ್ದರೆ ಆ ಗೆಲುವನ್ನು ಒಬ್ಬ ಪಿಚರ್ ಹೆಸರಿಗೂ ಬರೆಯುತ್ತಾರೆ. ಜಪಾನಿನಲ್ಲಿ 122, ನ್ಯೂಯಾರ್ಕ್ ಯಾಂಕೀಸ್ ತಂಡಕ್ಕೆ 78. ಎರಡನ್ನೂ ಸೇರಿಸಿ ಎಣಿಸುವುದೇ ಸರಿ, ಅಲ್ವಾ? ತೋಳು ಒಂದೇ ತಾನೇ.

2013ರ ಬೇಸ್‌ಬಾಲ್ ಸೀಸನ್ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಸೆಂಡಾಯಿ ಊರಿನ ರಾಕುಟೆನ್ ತಂಡದ ಪರ ತನಾಕಾಗೆ ಲೀಗ್‌ನಲ್ಲಿ 24 ಗೆಲುವು, ಒಂದೂ ಸೋಲಿಲ್ಲ. ಫೈನಲ್ ಸರಣಿಯಾದ ಜಪಾನ್ ಸೀರೀಸ್‌ನ ಆರನೇ ಪಂದ್ಯದಲ್ಲಿ 160 ಎಸೆತ ಹಾಕಿ ಸೋತರು. ಮರುದಿನವೇ ಏಳನೇ ಪಂದ್ಯದ ಕೊನೆಯ ಇನ್ನಿಂಗ್ಸ್‌ಗೆ ಮತ್ತೆ ಇಳಿದು ತಂಡವನ್ನು ಮೊದಲ ಸಲ ಚಾಂಪಿಯನ್ ಮಾಡಿದರು. ಭೂಕಂಪ, ಸುನಾಮಿಗೆ ನಲುಗಿ ಎರಡೇ ವರ್ಷವಾಗಿದ್ದ ಊರದು. ಆ ತೋಳಿಗೆ ಅದು ಜಾಸ್ತಿಯೇ ಆಯ್ತು. ಆದರೂ ಆ ರಾತ್ರಿ ಅವರನ್ನು ತಡೆಯಲು ಯಾರಿಗೆ ಮನಸ್ಸು ಬರುತ್ತಿತ್ತು?

ಆಮೇಲೆ ಅಮೆರಿಕದಲ್ಲಿ ಏಳು ಸೀಸನ್. 2021ರಲ್ಲಿ ವಾಪಸ್ ರಾಕುಟೆನ್‌ಗೆ. 2023ರ ಕೊನೆಗೆ ಮೊಣಕೈ ಆಪರೇಷನ್. 2024ರಲ್ಲಿ ಆಡಿದ್ದು ಒಂದೇ ಪಂದ್ಯ, ಗೆಲುವು ಸೊನ್ನೆ. ಆಗ ಕೈಹಿಡಿದದ್ದು, 2013ರ ಫೈನಲ್‌ನಲ್ಲಿ ಅವರ ಎದುರಿಗಿದ್ದ ಯೋಮಿಯುರಿ ಜೈಂಟ್ಸ್! ಅಲ್ಲಿ, 36ನೇ ವಯಸ್ಸಿನಲ್ಲಿ, 200ಕ್ಕೆ ಉಳಿದಿದ್ದ ಮೂರು ಗೆಲುವು ಬಂದವು. ನನಗಂತೂ ಆ 24ಕ್ಕಿಂತ ಈ ಮೂರೇ ಜಾಸ್ತಿ ಇಷ್ಟ.