ಡೈನಮೊ ಇರುವ ಹಳೇ ಟ್ರ್ಯಾಕ್ಟರಿಗೆ ಹೆಡ್‌ಲೈಟ್ ವೈರಿಂಗ್

ಮ್ಯಾಸ್ಸಿ ಫರ್ಗ್ಯುಸನ್ 35ರ ಕಾಲದ ಗಾಡಿಗಳಲ್ಲಿ ಹೆಡ್‌ಲೈಟ್ ಮಂಕಾದರೆ ಎಲ್ಲರೂ ಮೊದಲು ಬಲ್ಬಿಗೇ ಕೈ ಹಾಕುತ್ತಾರೆ. 100/90 ವಾಟಿನದು ತಂದು ಸಿಕ್ಕಿಸುತ್ತಾರೆ. ಅಂಥ ಎರಡು ಬಲ್ಬಿಗೆ 16 ಆಂಪ್ಸ್ ಮೇಲೇ ಬೇಕು. ಲೂಕಾಸ್ ಸಿ40 ಡೈನಮೊ ಪೂರ್ತಿ ತಿರುಗಿದಾಗ ಕೊಡುವುದೇ 22. ಐಡ್ಲಿಂಗ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ. ಬ್ಯಾಟರಿ ಇಳಿಯುತ್ತದೆ, ಹೋಲ್ಡರ್ ಕರಗುತ್ತದೆ, ಬೆಳಕು ಮಾತ್ರ ಅಷ್ಟಕ್ಕಷ್ಟೇ. 60/55 ವಾಟಿನ ಎಚ್4 (ಹೈ, ಡಿಮ್ ಎರಡೂ ಇರುವ ಹ್ಯಾಲೊಜೆನ್ ಬಲ್ಬ್) ಧಾರಾಳ ಸಾಕು.

ಅಸಲು ತೊಂದರೆ ವೋಲ್ಟೇಜಿನದು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ. ಸವೆದ ಸ್ವಿಚ್, ಸಣ್ಣ ವೈರು, ತುಕ್ಕು ಹಿಡಿದ ಅರ್ತಿಂಗ್ ಸೇರಿದರೆ ಅಷ್ಟು ವೋಲ್ಟೇಜ್ ದಾರಿಯಲ್ಲೇ ಖರ್ಚು.

ಕೆಲಸಕ್ಕೆ ಮುಂಚೆ ಬ್ಯಾಟರಿಯ ಯಾವ ಟರ್ಮಿನಲ್ ಚಾಸಿಗೆ ಹೋಗಿದೆ ನೋಡಿ, ಆ ಕೇಬಲ್ಲನ್ನೇ ಮೊದಲು ಬಿಚ್ಚಿ. ಆ ಕಾಲದ ಬ್ರಿಟಿಷ್ ಗಾಡಿಗಳಲ್ಲಿ ಪ್ಲಸ್ ಅರ್ತ್, ಅಂದರೆ ಪ್ಲಸ್ ಟರ್ಮಿನಲ್ಲೇ ಚಾಸಿಗೆ ಸೇರಿರುವುದು, ಸಾಮಾನ್ಯ. ಹ್ಯಾಲೊಜೆನ್ನಿಗೆ ಅದರಿಂದ ಏನೂ ಆಗದು. ಎಲ್‌ಇಡಿ ದೀಪ ಹಾಕುವವರು ಹುಷಾರು: ಅದರ ಲೋಹದ ಬಾಡಿ ಮೈನಸ್ಸಿಗೆ ಸೇರಿದ್ದರೆ ಬೋಲ್ಟ್ ಬಿಗಿದು ವೈರ್ ಕೊಟ್ಟೊಡನೆ ನೇರ ಶಾರ್ಟ್. ಒಳಗೆ ಡಯೋಡ್ ಇರುವ ರಿಲೇಗೂ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಪ್ಲಸ್–ಮೈನಸ್ ನೋಡಬೇಕು.

ಹೈಗೆ ಒಂದು, ಡಿಮ್ಮಿಗೆ ಒಂದು ರಿಲೇ ಹಾಕಿ. ಒಂದೊಂದಕ್ಕೂ 15 ಆಂಪ್ಸಿನ ಬೇರೆ ಬೇರೆ ಫ್ಯೂಸ್. ಒಂದು ಹೋದರೆ ಇನ್ನೊಂದರಲ್ಲಿ ಮನೆ ಸೇರಬಹುದು. ಕರೆಂಟ್ ತೆಗೆಯುವ ಜಾಗ ಮುಖ್ಯ. ಲೂಕಾಸ್ ಆರ್‌ಬಿ106 ಕಟೌಟ್ (ಡೈನಮೊ ಚಾರ್ಜಿಂಗನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಪೆಟ್ಟಿಗೆ) ಇದ್ದರೆ ಎ1 ಟರ್ಮಿನಲ್ಲಿನಿಂದಲೇ ತೆಗೆಯಿರಿ. ಲೈಟಿನ ಕರೆಂಟ್ ಒಳಗಿನ ಸುರುಳಿಯಲ್ಲಿ ಹಾದರೆ ರೆಗ್ಯುಲೇಟರಿಗೆ ಲೋಡ್ ಗೊತ್ತಾಗಿ ವೋಲ್ಟೇಜನ್ನು ತಗ್ಗಿಸುತ್ತದೆ. ಪಕ್ಕದ ‘ಎ’ ಟರ್ಮಿನಲ್ಲಿಗೆ ಕೊಟ್ಟರೆ ಲೈಟ್ ಉರಿಯುತ್ತದೆ, ಆದರೆ ಡೈನಮೊ ಮೇಲೆ ಮಿತಿ ಮೀರಿ ಲೋಡ್ ಬೀಳಬಹುದು.

ಫ್ಯೂಸುಗಳನ್ನು ಎ1 ಹತ್ತಿರವೇ ಕೂರಿಸಿ. ಅಲ್ಲಿಂದ ರಿಲೇಯ 30 ನಂಬರಿನ ಟರ್ಮಿನಲ್ಲಿಗೆ 2.5 ಚದರ ಮಿಮೀ ವೈರು; 87ರಿಂದ ಒಂದೊಂದು ಬಲ್ಬಿಗೆ 1.5ರದು. 86ಕ್ಕೆ ಡಿಪ್ಪರ್ ಸ್ವಿಚ್ಚಿನ ವೈರು, 85 ಅರ್ತಿಗೆ. ಬಾನೆಟ್ ಅಂಚಿನ ತೂತಿಗೆ ರಬ್ಬರ್ ಗ್ರೋಮೆಟ್ ಇಲ್ಲದಿದ್ದರೆ ಅದುರಾಟಕ್ಕೆ ಇನ್ಸುಲೇಷನ್ ಸವೆದು ಶಾರ್ಟ್ ಆಗುವುದು ಖಂಡಿತ. ಸೈಲೆನ್ಸರಿನಿಂದ ವೈರು ದೂರವಿರಲಿ. ಬಾನೆಟ್ ಎತ್ತುವ ಕಡೆ ಸ್ವಲ್ಪ ಸಡಿಲ ಬಿಡಿ.

ಅರ್ತಿಂಗನ್ನು ದೀಪದ ಕ್ಲಾಂಪಿಗೆ ನಂಬಿ ಬಿಡಬೇಡಿ. ಅಡಿಯಲ್ಲಿ ಪೇಂಟ್ ಇರುತ್ತದೆ. ಪ್ರತಿ ಬಲ್ಬಿನಿಂದ ಬೇರೆ ವೈರು ಎಳೆದು, ಚಾಸಿಯ ಬೋಲ್ಟಿನ ಕೆಳಗೆ ಪೇಂಟ್ ಕೆರೆದು ಲಗ್ ಬಿಗಿದು, ವ್ಯಾಸಲೀನ್ ಸವರಿ. ಡಿಮ್ ಹಾಕಿದಾಗ ಒಂದು ದೀಪದಲ್ಲಿ ಎರಡೂ ಫಿಲಮೆಂಟ್ ಮಿಣುಕಿದರೆ ಆ ಕಡೆಯ ಅರ್ತ್ ಬಿಟ್ಟಿದೆ ಎಂದೇ ಲೆಕ್ಕ.

ಕೊನೆಗೆ ಲೈಟ್ ಉರಿಯುತ್ತಿರುವಾಗಲೇ ಮಲ್ಟಿಮೀಟರ್ ಹಿಡಿಯಿರಿ. ಅರ್ತ್ ಅಲ್ಲದ ಬ್ಯಾಟರಿ ಟರ್ಮಿನಲ್ಲಿಗೂ ಬಲ್ಬಿನ ಉರಿಯುವ ಕಾಲಿಗೂ ನಡುವೆ ಅರ್ಧ ವೋಲ್ಟ್ ದಾಟಬಾರದು. ಅರ್ತ್ ಕಡೆ 0.2 ಮೀರಿದರೆ ಮತ್ತೆ ಕೆರೆಯಿರಿ. ರಸ್ತೆಗೆ ಇಳಿಯುವ ಗಾಡಿಯಾದರೆ 10 ಮೀಟರ್ ದೂರದ ಗೋಡೆಗೆ ಡಿಮ್ ಬಿಟ್ಟು, ಬೆಳಕಿನ ಮೇಲಂಚು ದೀಪದ ನಡುಮಟ್ಟಕ್ಕಿಂತ 10 ಸೆಂಮೀ ಕೆಳಗೆ ಬೀಳುವಂತೆ ಬಗ್ಗಿಸಿ ನಟ್ ಬಿಗಿಯಿರಿ.