ಹಾವು ಮುಟ್ಟುವ ಮೊದಲು ಪೊರೆ ನೋಡಬೇಕಿತ್ತು

ಜನವರಿಯ ಒಂದು ಶನಿವಾರ. ಬೆಂಗಳೂರಿನ ನಮ್ಮ ಕ್ಲಿನಿಕ್ಕಿನಲ್ಲಿ ಸಂಜೆ ಓಪಿ ಮುಗಿಯುವ ಹೊತ್ತು. ಹೊರಗೆ ಇನ್ನೂ ಎರಡು ಮೊಲ, ಒಂದು ಗಿಳಿ ಕಾಯುತ್ತಿದ್ದವು. ಆಗ ಒಬ್ಬ ಹುಡುಗ ತಾನು ಸಾಕಿದ್ದ ಬಾಲ್ ಪೈಥಾನ್ ಹಾವು ತಂದ. 3 ವರ್ಷದ ಹೆಣ್ಣು, ತೂಕ 1 ಕಿಲೋ 200 ಗ್ರಾಂ. ವಿದೇಶಿ ಪ್ರಾಣಿ ಸಾಕುವವರು ಸರ್ಕಾರದ ಪರಿವೇಶ್ ಪೋರ್ಟಲಿನಲ್ಲಿ ಮಾಡಿಸುವ ನೋಂದಣಿಯ ಕಾಗದವೂ ಜೊತೆಗಿತ್ತು. ಕೈಯಲ್ಲೊಂದು ಜಿಪ್ ಚೀಲ. "ಬಿದ್ದಿರೋ ಪೊರೆ ಇದರಲ್ಲಿದೆ ಡಾಕ್ಟ್ರೇ" ಅಂದ. "ಸರಿ, ಅಲ್ಲಿಡಿ" ಅಂದೆ. ಮುಂದಿನ ಒಂದು ಗಂಟೆ ಆ ಚೀಲ ಮೇಜಿನ ಮೂಲೆಯಲ್ಲೇ ಬಿದ್ದಿತ್ತು.

ಹಾವಿನ ಮೈಮೇಲೆ ಒಣ ಈರುಳ್ಳಿ ಸಿಪ್ಪೆಯ ಹಾಗೆ ಪೊರೆ ತುಂಡು ತುಂಡಾಗಿ ಅಂಟಿತ್ತು. ಬಾಲದ ತುದಿಯಲ್ಲಿ ಉಂಗುರದ ಹಾಗೆ ಒಂದು ಬಿಗಿದು ಕೂತಿತ್ತು. ಬಾಲದ ಉಂಗುರವನ್ನು ಹಾಗೇ ಬಿಡಬಾರದು. ಒಣಗಿದಷ್ಟೂ ಬಿಗಿಯುತ್ತದೆ, ರಕ್ತ ಹರಿಯುವುದು ನಿಂತು ತುದಿ ಕಪ್ಪಾಗುತ್ತದೆ. ಮೊದಲು ಮೈಟ್ಸ್, ಅಂದರೆ ರಕ್ತ ಹೀರುವ ಸಣ್ಣ ಹುಳ, ಇದೆಯಾ ಅಂತ ನೋಡಿದೆ. ಇರಲಿಲ್ಲ. ಆಮೇಲೆ ಟಬ್ಬಿನಲ್ಲಿ ಅರ್ಧ ಮೈ ಮುಳುಗುವಷ್ಟು 30 ಡಿಗ್ರಿ ನೀರು ಹಾಕಿ ಅರ್ಧ ಗಂಟೆ ಬಿಟ್ಟೆವು. ಒದ್ದೆ ಟವೆಲನ್ನು ಸಡಿಲವಾಗಿ ಹಿಡಿದುಕೊಂಡರೆ ಹಾವು ತಾನೇ ಅದರೊಳಗಿಂದ ನುಸುಳಿಕೊಂಡು ಹೋಗುತ್ತದೆ. ನಾಲ್ಕು ಸಲ ನುಸುಳಿತು. ಮೈ ಮೇಲಿನದೆಲ್ಲ ಟವೆಲ್ಲಿಗೆ ಬಂತು. ಬಾಲದ ಉಂಗುರವೂ ಬಂತು.

ಉಳಿದದ್ದು ಕಣ್ಣು.

ಹಾವಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಗಾಜಿನಂಥ ಒಂದು ಹುರುಪೆ ಇರುತ್ತದೆ. ಪ್ರತಿ ಸಲ ಪೊರೆ ಬಿಡುವಾಗ ಅದರ ಮೇಲ್ಪದರವೂ ಕಳಚಬೇಕು. ಬಲಗಣ್ಣಿನಲ್ಲಿ ಹಳೆಯದು ಉಳಿದಿತ್ತು, ಅಂಚು ಎದ್ದಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ಲೂಬ್ರಿಕೆಂಟ್ ಡ್ರಾಪ್ಸ್ ಹಾಕಿ ಕಾದೆ. ಒದ್ದೆ ಹತ್ತಿಕಡ್ಡಿಯನ್ನು ಅಂಚಿನ ಕಡೆಯಿಂದ ಮೆಲ್ಲಗೆ ಉರುಳಿಸಿದೆ. ಕಾಂಟ್ಯಾಕ್ಟ್ ಲೆನ್ಸ್ ಹಾಗೆ ಸಲೀಸಾಗಿ ಬಂತು. ಹುಡುಗ ಉಸಿರು ಬಿಟ್ಟ. ನನಗೂ ಖುಷಿಯಾಯಿತು. ತಪ್ಪು ಶುರುವಾಗಿದ್ದು ಆ ಖುಷಿಯಿಂದಲೇ.

ಎಡಗಣ್ಣು ಮಂಕಾಗಿತ್ತು, ಸುಕ್ಕು ಬಿದ್ದಿತ್ತು. ಇದೂ ಅದೇ ಅಂದುಕೊಂಡೆ. ಹತ್ತಿಕಡ್ಡಿ ಉರುಳಿಸಿದೆ, ಬರಲಿಲ್ಲ. ಇನ್ನಷ್ಟು ಡ್ರಾಪ್ಸ್ ಹಾಕಿ ಮತ್ತೆ ಉರುಳಿಸಿದೆ. ಅಂಚು ಎಲ್ಲೂ ಕಾಣಲಿಲ್ಲ. ಅಂಚು ಕಾಣದಿದ್ದಾಗಲೇ ಕೈ ನಿಲ್ಲಿಸಬೇಕಿತ್ತು. ನಾನು ಮಾತ್ರ ಜಾಸ್ತಿ ಅಂಟಿಕೊಂಡಿರಬೇಕು ಅಂತ ತೀರ್ಮಾನ ಮಾಡಿದೆ. ಹಾವು ತಲೆ ಹಿಂದಕ್ಕೆಳೆದು ಸುರುಳಿಯೊಳಗೆ ಹುದುಗಿಸಿಕೊಂಡಿತು. ನಾಯಿಯಾದರೆ ಕುಂಯ್ ಅನ್ನುತ್ತದೆ, ಬೆಕ್ಕಾದರೆ ಪರಚುತ್ತದೆ. ಇದಕ್ಕೆ ನೋವು ಹೇಳಿಕೊಳ್ಳಲು ಇದ್ದ ದಾರಿ ಅದೊಂದೇ. ನಾನು ಅದನ್ನೂ ಬಿಡಿಸಿ ತಲೆ ಹೊರಗೆ ತಂದೆ. ಹಾವು ಹಿಡಿದುಕೊಂಡಿದ್ದ ಅಸಿಸ್ಟೆಂಟ್ "ಸಾಕೇನೋ ಸರ್" ಅಂದರು. "ಒಂದು ನಿಮಿಷ, ಫೋರ್ಸೆಪ್ಸ್ ಕೊಡಿ" ಅಂದೆ.

ಫೋರ್ಸೆಪ್ಸಿನ ತುದಿ ಕಣ್ಣಿಗೆ ತಾಗಿತ್ತು. ಅಷ್ಟರಲ್ಲಿ ನಮ್ಮ ಸೀನಿಯರ್ ಮೇಡಂ ಒಳಗೆ ಬಂದರು.

"ಕೈ ತೆಗಿ. ಪೊರೆ ಎಲ್ಲಿ, ತಂದಿದಾರಾ?"

ಹುಡುಗ ಚೀಲ ತೋರಿಸಿದ. ಮೇಡಂ ಒಂದೂ ಮಾತಾಡದೆ ಅದನ್ನು ಬಿಚ್ಚಿ, ತಲೆಯ ತುಂಡು ಹುಡುಕಿ, ಒದ್ದೆ ಮಾಡಿ, ದೀಪದ ಕೆಳಗೆ ಬಿಡಿಸಿ ಇಟ್ಟರು. ಬಲಗಣ್ಣಿನ ಜಾಗದಲ್ಲಿ ತೂತು. ಎಡಗಣ್ಣಿನ ಜಾಗದಲ್ಲಿ ಉದ್ದಿನ ಕಾಳಿನಷ್ಟು ಅಗಲದ, ಉಬ್ಬಿದ, ಪಾರದರ್ಶಕ ಬಿಲ್ಲೆ. ಎಡಗಣ್ಣಿನ ಪೊರೆ ಮನೆಯಲ್ಲೇ ಬಿದ್ದಾಗಿತ್ತು. ನಾನು ಇಷ್ಟು ಹೊತ್ತು ಕೆರೆಯುತ್ತಿದ್ದದ್ದು ಜೀವಂತ ಹುರುಪೆಯನ್ನು. ಅದು ಕಿತ್ತುಬಂದಿದ್ದರೆ ಕಾರ್ನಿಯಾ ಬಯಲಾಗಿ, ಒಣಗಿ, ಕಣ್ಣೇ ಹೋಗುತ್ತಿತ್ತು. ಸುಕ್ಕು ಬಿದ್ದದ್ದು ಮೈಯಲ್ಲಿ ನೀರು ಕಮ್ಮಿಯಾಗಿದ್ದಕ್ಕೆ.

ನಮ್ಮೂರಲ್ಲಿ ಕಲ್ಲುಬೇಲಿಯ ಸಂದಿಯಲ್ಲಿ ಪೊರೆ ಸಿಗುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ಬಿಸಿಲಿಗೆ ಹಿಡಿದು ಕಣ್ಣಿನ ಬಿಲ್ಲೆ ನೋಡುತ್ತಿದ್ದೆ. ಗೊತ್ತಿಲ್ಲದ ವಿಷಯವೇನೂ ಅಲ್ಲ. ಅದಕ್ಕೇ ಇವತ್ತಿಗೂ ಚುಚ್ಚುತ್ತದೆ.

ಹುಡುಗನ ಹತ್ತಿರ ಕೂತು ಕೇಳಿದಾಗ ಕಾರಣ ಸಿಕ್ಕಿತು. ಚಳಿ ಅಂತ ಗಾಜಿನ ಟ್ಯಾಂಕಿಗೆ ದಿನವಿಡೀ ಹೀಟ್ ಬಲ್ಬ್ ಹಾಕಿದ್ದ. ಮೇಲೆ ಪೂರ್ತಿ ಜಾಲರಿ, ಕೆಳಗೆ ನ್ಯೂಸ್ ಪೇಪರ್, ನೀರಿಗೆ ಪುಟ್ಟ ಬಟ್ಟಲು. ಪಶ್ಚಿಮ ಆಫ್ರಿಕಾದ ಈ ಹಾವಿಗೆ ಪೊರೆ ಬಿಡುವ ಕಾಲದಲ್ಲಿ 60–70 ಶೇಕಡಾ ತೇವ ಬೇಕು. ತೇವ ಅಳೆಯುವ ಮೀಟರೇ ಅಲ್ಲಿರಲಿಲ್ಲ. ಜಾಲರಿ ಅರ್ಧ ಮುಚ್ಚಲು ಹೇಳಿದೆವು. ಹಾವು ಮೈ ಇಳಿಸುವಷ್ಟು ದೊಡ್ಡ ನೀರಿನ ತಟ್ಟೆ, ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯೊಳಗೆ ಹಿಂಡಿದ ಒದ್ದೆ ಪಾಚಿ (ಮಾಸ್), ತಿಕ್ಕಿಕೊಳ್ಳಲು ಒಂದು ಒರಟು ಮರದ ತುಂಡು ಇಡಲು ಹೇಳಿದೆವು. ಕಣ್ಣು ಹಾಲಿನ ಬಣ್ಣಕ್ಕೆ ತಿರುಗಿದಾಗಿಂದ ಸುಮ್ನೆ ಬಿಟ್ಟುಬಿಡಬೇಕು, ಎತ್ತಬಾರದು. ಹಾಗಂತ ಟ್ಯಾಂಕು ಕೆಸರಾಗಬಾರದು, ಹೊಟ್ಟೆಯ ಹುರುಪೆ ಕೊಳೆಯುತ್ತದೆ.

ಇದರಲ್ಲಿ ಒಂದೂ ನಮ್ಮ ಕೇಸ್ ಶೀಟಿನಲ್ಲಿಲ್ಲ. ಲಸಿಕೆ, ಡೀವರ್ಮಿಂಗ್, ಕೂದಲಿನ ಬಣ್ಣ, ಎಲ್ಲಕ್ಕೂ ಜಾಗ ಇದೆ. ಕೊನೆಯ ಸಲ ಪೊರೆ ಬಿಟ್ಟದ್ದು ಯಾವಾಗ, ತೇವ ಎಷ್ಟು, ಪೊರೆ ತಂದಿದ್ದಾರಾ, ಈ ಮೂರು ಸಾಲಿಗೆ ಜಾಗ ಇಲ್ಲ. ಒಂದು ಕೇಸಿಗೆ 15 ನಿಮಿಷ ಅಂತ ನಿಯಮ ಬೇರೆ. ಹಾವಿಗೂ ಅಷ್ಟೇ, ಉಗುರು ಕತ್ತರಿಸಲು ಬಂದ ಬೆಕ್ಕಿಗೂ ಅಷ್ಟೇ. ಶೀಟ್ ಬದಲಿಸಿ ಅಂತ ಎರಡು ಸಲ ಕೇಳಿದೆ, ಇನ್ನೂ ಆಗಿಲ್ಲ. ಅಲ್ಲಿಯವರೆಗೆ ಶೀಟಿನ ಹಿಂದೆ ಪೆನ್ನಿನಲ್ಲಿ ಬರೆಯುತ್ತಿದ್ದೇನೆ. ನನ್ನ ತಪ್ಪಿಗೆ ಶೀಟು ಕಾರಣ ಅಲ್ಲ, ಚೀಲ ಕಣ್ಣೆದುರೇ ಇತ್ತು. ಆದರೂ ಆ ಸಾಲು ಇದ್ದಿದ್ದರೆ ಚೀಲ ಬಿಚ್ಚುತ್ತಿದ್ದೆ.

ನಡೆದದ್ದನ್ನು ಹುಡುಗನಿಗೆ ಅವತ್ತೇ ಹೇಳಿದೆ. ಅವನು ಬೈಯಲಿಲ್ಲ, "ಕಣ್ಣು ಉಳಿಯುತ್ತಲ್ವಾ?" ಅಂತ ಎರಡು ಸಲ ಕೇಳಿದ. ಉಳಿಯುತ್ತೆ ಅಂತ ಅವತ್ತು ಹೇಳಲು ಆಗಲಿಲ್ಲ. ಹುರುಪೆಯ ಕೆಳಗೆ ಕೀವು ಕಟ್ಟುವ ಭಯ ಇತ್ತು. ಔಷಧಿ ಕೊಟ್ಟು, ಫಾಲೋ-ಅಪ್‌ಗೆ ಕರೆಸುತ್ತಾ ಹೋದೆವು. ನಾಲ್ಕೇ ದಿನಕ್ಕೆ ಸುಕ್ಕು ಹೋಯಿತು, ಕೀವು ಕಟ್ಟಲಿಲ್ಲ.

7 ವಾರದ ಮೇಲೆ ಅವನು ಮತ್ತೆ ಬಂದ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚೀಲ. ಮೊದಲು ಚೀಲ ಇಸಿದುಕೊಂಡೆ. ಕಾಲುಚೀಲ ಬಿಚ್ಚಿದ ಹಾಗೆ ಒಳಗು ಹೊರಗಾಗಿ, ಮೂಗಿನಿಂದ ಬಾಲದವರೆಗೆ ಒಂದೇ ಪೊರೆ. ತಲೆಯ ಭಾಗವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡೂ ಬಿಲ್ಲೆ ಇದ್ದವು. ಎಡಗಣ್ಣಿನದರ ಮೇಲೆ ಕೂದಲಿನಷ್ಟು ತೆಳ್ಳಗೆ ಒಂದು ಗೆರೆ ಇತ್ತು, ನನ್ನ ಫೋರ್ಸೆಪ್ಸಿನದು.